‘ಮಳೆಗೆ ಬಲಿ’ ಎಂಬ ಮಾತು



ಪೋತ್ತನೂರಿನ ನಮ್ಮ ಮನೆಗೆ ಬೆಳಿಗ್ಗೆ ಬರುವುದು ತಮಿಳು ಪತ್ರಿಕೆ. ಕನ್ನಡದ ಸುದ್ದಿ ಏನಿದ್ದರೂ ಟಿ.ವಿ.ಯಿಂದ, ಇಲ್ಲವೇ ನೆಂಟರ ಫೋನಿನಿಂದ. ಹೀಗಾಗಿ ಒಂದೇ ಮಳೆಯ ಸುದ್ದಿ ನಮಗೆ ಎರಡು ಭಾಷೆಯಲ್ಲಿ ಸಿಗುತ್ತದೆ. ತಮಿಳಿನಲ್ಲಿ ಅದು ‘ಇಯರ್ಕೈ ಚೀಟ್ರಂ’, ಅಂದರೆ ಪ್ರಕೃತಿಯ ಸಿಟ್ಟು. ಕನ್ನಡದಲ್ಲಿ ‘ವರುಣನ ಆರ್ಭಟ’, ‘ಮಳೆರಾಯನ ಅಬ್ಬರ’. ಎರಡರಲ್ಲೂ ಮೇಲೆ ಯಾರೋ ಕೋಪಿಸಿಕೊಂಡಿದ್ದಾರೆ, ಕೆಳಗೆ ನಾವು ಕೈಕಟ್ಟಿ ನಿಂತಿದ್ದೇವೆ.

2019ರ ಡಿಸೆಂಬರ್ 2ರ ಬೆಳಿಗ್ಗೆ ಟಿ.ವಿ.ಯಲ್ಲಿ ‘ಮಳೆಗೆ 17 ಬಲಿ’ ಎಂದು ಓಡುತ್ತಿತ್ತು. ನಮ್ಮ ಜಿಲ್ಲೆಯದೇ ಸುದ್ದಿ, ಮೆಟ್ಟುಪಾಳಯಂ ಹತ್ತಿರದ ನಡೂರಿನದು. ಶಾಲೆಗೆ ಹೊರಟಿದ್ದ ಮೊಮ್ಮಗ ಕೇಳಿದ: “ತಾತಾ, ಮಳೆ ನಮ್ಮ ಮನೆ ಮೇಲೂ ಬಂತಲ್ಲ, ನಮಗೇನೂ ಆಗಲಿಲ್ಲವಲ್ಲ?”

ಉತ್ತರ ಸಂಜೆಯ ಹೊತ್ತಿಗೆ ತಿಳಿಯಿತು. ಬೆಳಗಿನ ಜಾವ ಬಿದ್ದದ್ದು ಬರೀ ಮಳೆಯಲ್ಲ, ಖಾಸಗಿ ಮನೆಯೊಂದರ ಎತ್ತರದ ಕಲ್ಲಿನ ಕಾಂಪೌಂಡ್ ಗೋಡೆ. ಅದರ ಬುಡದಲ್ಲಿದ್ದ ಬಡ ದಲಿತ ಕುಟುಂಬಗಳ ಹೆಂಚಿನ ಮನೆಗಳ ಮೇಲೆ ಅದು ಉರುಳಿತ್ತು. ಮಲಗಿದ್ದವರು ಏಳಲೇ ಇಲ್ಲ. ಗೋಡೆಯ ವಿಷಯ ಮೊದಲೇ ಹೇಳಿಕೊಂಡಿದ್ದೆವೆಂದು ಅಲ್ಲಿಯ ಜನ ಹೇಳಿದರು. ಮರುದಿನ ಮಾಲೀಕರ ಬಂಧನವಾಯಿತು. ಅದನ್ನು ‘ತೀಂಡಾಮೈ ಸುವರ್’, ಎಂದರೆ ಅಸ್ಪೃಶ್ಯತೆಯ ಗೋಡೆ, ಎಂದು ಕರೆದವರೂ ಉಂಟು. ಸತ್ತವರು ಅದೇ 17 ಜನ. ಒಂದು ಹೆಸರು ಕೇಳಿದವನು ಆಕಾಶ ನೋಡುತ್ತಾನೆ, ಇನ್ನೊಂದು ಹೆಸರು ಕೇಳಿದವನು ಗೋಡೆ ನೋಡುತ್ತಾನೆ.

ಇನ್ನು ಆ ‘ಬಲಿ’ ಎಂಬ ಪದ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದಕ್ಕೇ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರ ತೊಳಲಿದ ಕಥೆಯನ್ನು ಜನ್ನ ಬರೆದಿದ್ದಾನೆ. ಅದನ್ನು ಕೇಳಿ ಬೆಳೆದ ಮನೆಗಳಲ್ಲಿಯೂ ಈ ಪದ ಕಾಫಿಯ ಜೊತೆ ಸಲೀಸಾಗಿ ಇಳಿದುಹೋಗುತ್ತದೆ. ಬಲಿ ಎಂದರೆ ಕೊಟ್ಟವನೊಬ್ಬ ಇರಬೇಕಷ್ಟೆ? ‘ಮಳೆಗೆ ಬಲಿ’ ಎನ್ನುವಾಗ ಕೊಟ್ಟವನು ಯಾರೆಂದು ಯಾರೂ ಕೇಳುವುದಿಲ್ಲ.

ಸುದ್ದಿಯವರಿಗೆ ಅಳತೆ ಗೊತ್ತಿಲ್ಲವೆಂದಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ‘ಭಾರಿ’ ಮಳೆ, 115.6 ಮುಟ್ಟಿದರೆ ‘ಅತಿ ಭಾರಿ’, 204.4 ಮೀರಿದರೆ ಅದಕ್ಕೂ ಮೇಲಿನದು. ನಾವು ತಕ್ಕಡಿ ಹಿಡಿಯುವವರು, ಗ್ರಾಂ ತಪ್ಪಿದರೆ ಗಿರಾಕಿ ಬಿಡುವುದಿಲ್ಲ. ಅಲ್ಲಿ ಮಾತ್ರ ನಾಲ್ಕು ಹನಿಗೂ ‘ರಣಭೀಕರ’, ನಿಜವಾದ ಗಂಡಾಂತರಕ್ಕೂ ‘ರಣಭೀಕರ’. ದಿನಾ ಅದನ್ನೇ ಕೇಳಿದವನು ನಿಜವಾದ ಎಚ್ಚರಿಕೆ ಬಂದ ದಿನವೂ ಅಂಗಡಿಯ ಬಾಗಿಲು ತೆಗೆದು ಕೂರುತ್ತಾನೆ. 2018ರ ಆಗಸ್ಟ್‌ನಲ್ಲಿ ಇದರ ಇನ್ನೊಂದು ಮುಖ ಕಂಡೆವು. ಕೊಡಗಿನಲ್ಲಿ ಬೆಟ್ಟ ಕುಸಿದದ್ದು ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಕೆಲವು ಭಾಗಗಳಲ್ಲಿ. ಆದರೆ ಹಗಲೂ ರಾತ್ರಿ ಕೇಳಿದ್ದು ‘ಕೊಡಗೇ ಕೊಚ್ಚಿಹೋಯಿತು’ ಎಂದು. ಗಟ್ಟಿಯಾಗಿ ನಿಂತಿದ್ದ ಊರುಗಳಿಗೂ ತಿಂಗಳುಗಟ್ಟಲೆ ಜನ ಹೋಗಲು ಹೆದರಿದರು.

ವಯನಾಡಿನ ಚೂರಲ್‌ಮಲೆ, ಮುಂಡಕ್ಕೈಗಳಲ್ಲಿ 2024ರ ಜುಲೈ 30ರಂದು ಆದದ್ದನ್ನು ‘ಅನಿರೀಕ್ಷಿತ’ ಎಂದರು. ಅಲ್ಲಿಂದ ಬಹಳ ದೂರವೇನಲ್ಲದ ಪುತ್ತುಮಲೆಯಲ್ಲಿ 2019ರ ಆಗಸ್ಟ್‌ನಲ್ಲೇ ಗುಡ್ಡ ಜಾರಿ ಜನ ಸತ್ತಿದ್ದರು.

ಪತ್ರಿಕೆಯವರನ್ನಷ್ಟೇ ಬೈದು ಏನು ಫಲ? ಲಾರಿಯಲ್ಲಿ ಹೋದ ಬಟ್ಟೆಯ ಬೇಲು ನೆಂದರೆ ಸಾಗಣೆದಾರರು ಮೊದಲು ಹೇಳುವುದು ‘ಆಕ್ಟ್ ಆಫ್ ಗಾಡ್’ ಎಂದೇ. 2007ರ ರಸ್ತೆ ಸಾಗಣೆ ಕಾಯಿದೆಯಲ್ಲಿ ಆ ವಿನಾಯಿತಿ ಇದೆ. ಆಗ ನಾವು ಬಿಡುತ್ತೇವೆಯೇ? ತಾಡಪಾಲು ಹರಿದಿತ್ತೇ, ಯಾರು ಕಟ್ಟಿದ್ದು, ಎಂದು ಎಳೆ ಎಳೆಯಾಗಿ ಕೇಳುತ್ತೇವೆ. ಸರಕಿಗೆ ಕೇಳುವಷ್ಟು ಪ್ರಶ್ನೆಯನ್ನು ಸತ್ತವರ ವಿಷಯದಲ್ಲಿ ಕೇಳಿದ್ದು ನನಗೆ ನೆನಪಿಲ್ಲ.

ನಡೂರಿನ ಸುದ್ದಿಯಾದ ವಾರದಲ್ಲಿ ನಮ್ಮ ಗೋಡೌನಿನ ಹಿಂದಿನ ಗೋಡೆಯನ್ನು ಹೋಗಿ ನೋಡಿದೆ. ಒಳಗಡೆ, ಎಂದೋ ಪಾಯ ತೋಡಿದ ಮಣ್ಣನ್ನು ಅದಕ್ಕೇ ಒರಗಿಸಿ ಸುರಿದಿದ್ದೆವು. ಹೊರಗಡೆ, ಮೂಟೆ ಹೊರುವವರ ಮೂರು ಮನೆ. ಮೇಸ್ತ್ರಿಯನ್ನು ಕರೆಸಿದೆ. ಆತ ಬುಡವನ್ನೆಲ್ಲ ನೋಡಿ, “ನೀರು ಹೋಗೋಕೆ ತೂತು ಎಲ್ಲಿ ಸಾರ್?” ಎಂದ. ಒಂದೂ ಇರಲಿಲ್ಲ. ನೆಂದ ಮಣ್ಣಿನ ಭಾರವೂ ಅದರೊಳಗೆ ನಿಂತ ನೀರಿನ ಒತ್ತಡವೂ ಗೋಡೆಯ ಮೇಲೆಯೇ ಬೀಳುತ್ತದೆ ಎಂದು ತಿಳಿಸಿದ. ನನ್ನ ತಮ್ಮನಿಗೆ ಖರ್ಚಿನ ಯೋಚನೆ. “ಇಷ್ಟು ವರ್ಷ ನಿಂತಿಲ್ಲವೇ ಅಣ್ಣಾ? ಮಳೆ ಬಂದರೆ ಯಾರೇನು ಮಾಡೋಕಾಗುತ್ತೆ?” ಎಂದ. ಟಿ.ವಿ.ಯ ಮಾತೇ ನಮ್ಮ ಮನೆಯೊಳಗೆ ಕೂತಿತ್ತು. ಒಪ್ಪಿಸಲು ಎರಡು ತಿಂಗಳು ಬೇಕಾಯಿತು.

ಗೋಡೆ ಇಳಿಸುವಾಗ ಹಿಂದಿನ ಮನೆಯ ಹೆಂಗಸು ಬಂದು, “ಮಳೆಗಾಲದಲ್ಲಿ ಮಕ್ಕಳನ್ನ ಈ ಗೋಡೆ ಕಡೆ ಮಲಗಿಸೋದಿಲ್ಲ ಸಾಮಿ” ಎಂದಳು. ಎಷ್ಟು ವರ್ಷದಿಂದ ಎಂದೆ. ಮದುವೆಯಾಗಿ ಬಂದಾಗಿನಿಂದ ಎಂದಳು. ಈಗ ಅದು ಎದೆಮಟ್ಟಕ್ಕಿದೆ, ಮಣ್ಣು ತೆಗೆಸಿ ಆಯಿತು, ಬುಡದಲ್ಲಿ ನಾಲ್ಕಡಿಗೊಂದು ತೂತು, ಅದರ ನೀರಿಗೆ ಒಂದು ಚರಂಡಿ. ಪಕ್ಕದ ಸೈಟಿನವರ ಗೋಡೆ ಇನ್ನೂ ಹಾಗೆಯೇ ಇದೆ, ಅವರಿಗೂ ಹೇಳುತ್ತಿದ್ದೇನೆ.