ಪಾಲು ತಗೊಂಡವಳ ತವರು

ಅಪ್ಪ ಅಮ್ಮ ಇಲ್ಲದ, ಮನೆಯೂ ಮಾರಿಹೋದ ಊರಿಗೆ ಹೆಣ್ಣುಮಗಳು ಯಾವ ಮುಖ ಇಟ್ಟುಕೊಂಡು ಹೋಗಬೇಕು? ಅದರಲ್ಲೂ ಮನೆ ಮಾರಿದಾಗ ಪಾಲು ತಗೊಂಡವಳು? "ಪಾಲು ತಗೊಂಡಳಲ್ಲ, ತವರಿನ ಋಣ ತೀರಿತು" ಅಂತ ನಮ್ಮ ಕಡೆ ಸಲೀಸಾಗಿ ಅಂದುಬಿಡುತ್ತಾರೆ. ನನಗೂ ಅಂದರು.

ನಮ್ಮೂರು ಹೊಳೆನರಸೀಪುರ. ಮೇಷ್ಟ್ರಾಗಿದ್ದ ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ. ಅಮ್ಮ ಮೊದಲೇ ಹೋಗಿದ್ದಳು, ಅಪ್ಪ ವಿಲ್ಲು ಗಿಲ್ಲು ಬರೆಯದೆ ಹೋದರು. ಅಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅನ್ನುವುದು ಹೊಸ ಮಾತೇನಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ ಇದೆ. 2005ರ ತಿದ್ದುಪಡಿಯಂತೂ ಪಿತ್ರಾರ್ಜಿತದಲ್ಲೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಮದುವೆಯಾಗಿ ಹೋದವಳಿಗೂ. ಆದರೂ 2011ರಲ್ಲಿ ಮನೆ ಮಾರುವಾಗ "ಹಕ್ಕು ಬಿಟ್ಟೆ ಅಂತ ಒಂದು ಸಹಿ ಹಾಕಿಬಿಡು ತಾಯಿ" ಎಂದು ನೆಂಟರೆಲ್ಲ ಕೂತು ಹೇಳಿದರು. ನಾನು ಹಾಕಲಿಲ್ಲ. ಪುಣೆಯಲ್ಲಿ ಬಾಡಿಗೆ ಕಟ್ಟಿ ಸಂಸಾರ ಮಾಡುವವಳಿಗೆ ಆ ದುಡ್ಡು ಬೇಕಿತ್ತು. ಬೇಡದಿದ್ದರೂ ತಗೋತಿದ್ದೆ ಅನ್ನಿ. (ಸಹಿ ಹಾಕುವುದು ಬಿಡುವುದು ನಿಮ್ಮಿಷ್ಟ. ಆದರೆ ಪತ್ರ ಓದದೆ ಮಾತ್ರ ಹಾಕಬೇಡಿ.) ಅಣ್ಣ ಎರಡು ವರ್ಷ ಮಾತು ಬಿಟ್ಟ. ನಾನೂ ಆ ಕಡೆ ತಲೆಹಾಕಲಿಲ್ಲ.

ಈ ಸಲದ ರಜೆಯಲ್ಲಿ ಮಗಳು, "ಅಮ್ಮ, ನಿನ್ನ ಊರು ಬರೀ ಮ್ಯಾಪಿನಲ್ಲಿ ಇದೆಯಾ?" ಅಂದಳು. ಅರಕಲಗೂಡಿನ ಚಿಕ್ಕಮ್ಮನಿಗೆ ಹೆದರಿ ಹೆದರಿ ಫೋನು ಮಾಡಿದೆ. ಸಹಿ ಹಾಕು ಅಂದವರಲ್ಲಿ ಅವರೂ ಒಬ್ಬರು. "ಬಾರೇ, ಕೇಳೋದೇನು" ಅಂದರು.

ಬೆಂಗಳೂರಿಂದ ಚನ್ನರಾಯಪಟ್ಟಣದವರೆಗೆ ರೈಲು. ನಾನು ಹುಡುಗಿಯಾಗಿದ್ದಾಗ ಆ ಊರಿಗೆ ರೈಲೇ ಇರಲಿಲ್ಲ. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ದಾರಿ ಪೂರ್ತಿಯಾದದ್ದು 2017ರಲ್ಲಿ. ಅಲ್ಲಿಂದ ಬಸ್ಸು ಹಿಡಿದು ನಮ್ಮೂರು. ಮೊದಲು ಹೇಮಾವತಿ ಹೊಳೆಗೇ ಹೋದೆವು. "ಇಷ್ಟೇನಾ ನೀರು?" ಅಂದ ಮಗ. ಮೇಲೆ ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಆದಮೇಲೆ ನಮ್ಮೂರ ಹೊಳೆ ಬಿಟ್ಟಷ್ಟೇ ಹರಿಯುವುದು. ತುಂಬಿ ಬಂದ ಹೊಳೆ ನೋಡಿದ್ದವಳು ನಮ್ಮಮ್ಮ. ಅವಳ ಕಥೆಗಳನ್ನೇ ಮಕ್ಕಳಿಗೆ ಹೇಳಿದೆ, ಅರ್ಧ ಕೇಳಿದರು.

ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರ ಹೂ ಮಾರುವ ಅಜ್ಜಿಯೊಬ್ಬಳು ಕಣ್ಣು ಕಿರಿದು ಮಾಡಿ ನೋಡಿ, "ನೀನು ಮೇಷ್ಟ್ರ ಮಗಳು ಪುಟ್ಟಿ ಅಲ್ವಾ?" ಅಂದಳು. ಪುಣೆಯಲ್ಲಿ ನಾನು ಇವರ ಹೆಂಡತಿ, ಅವರ ಮಮ್ಮಿ. ಮಗಳು ಬಾಯಿ ಬಿಟ್ಟುಕೊಂಡು ನಿಂತಳು. ನಮ್ಮವರು ಈಗಲೂ ಪುಟ್ಟಿ ಅಂತ ಕಾಡುತ್ತಾರೆ, ಹೋಗಲಿ ಬಿಡಿ.

ಮಾರಿದ ಮನೆಯನ್ನು ನೋಡಲು ಹೋಗುವವರು ದಯವಿಟ್ಟು ಕಿಟಕಿಯಲ್ಲಿ ಇಣುಕಬೇಡಿ, "ಇಲ್ಲಿ ನಮ್ಮ ತುಳಸಿಕಟ್ಟೆ ಇತ್ತು" ಎಂದು ಲೆಕ್ಕ ಹೇಳಬೇಡಿ. ಅವರು ದುಡ್ಡು ಕೊಟ್ಟು ಕೊಂಡಿದ್ದಾರೆ. ನಾವು ಎದುರು ರಸ್ತೆಯಲ್ಲೇ ನಿಂತಿದ್ದೆವು. ಆ ಮನೆಯಾಕೆ ತಾನಾಗಿ ಬಂದು, ವಿಷಯ ತಿಳಿದು, ಒಳಗೆ ಕರೆದು ಕುಂಕುಮ ಕೊಟ್ಟರು. ಅಡುಗೆಮನೆ ಗೋಡೆ ಒಡೆದು ದೊಡ್ಡದು ಮಾಡಿಸಿದ್ದಾರೆ. ನಿಜ ಹೇಳಬೇಕೆಂದರೆ ಚೆನ್ನಾಗಿದೆ. ಅಮ್ಮ ಆ ಕತ್ತಲೆಯಲ್ಲಿ ಹೊಗೆ ಕುಡಿದೇ ಕಾಲ ಹಾಕಿದಳು.

ರಾತ್ರಿ ಅರಕಲಗೂಡಿನಲ್ಲಿ ಬಿಸಿ ಮುದ್ದೆ, ಹಾಸನದ ಆಲೂಗಡ್ಡೆ ಹಾಕಿದ ಹುಳಿ. ಪಾಲಿನ ಮಾತು ಯಾರೂ ಎತ್ತಲಿಲ್ಲ. ಹೊರಡುವ ದಿನ ಚಿಕ್ಕಮ್ಮ ನನ್ನನ್ನು ಮಣೆ ಮೇಲೆ ಕೂರಿಸಿ ಅಕ್ಕಿ, ಬೆಲ್ಲ, ಕೊಬ್ಬರಿ, ಒಂದು ಸೀರೆ ಇಟ್ಟು ಮಡಿಲು ತುಂಬಿದರು. "ಅಂದು ನಾನು ಹಾಗೆ ಅನ್ನಬಾರದಿತ್ತು ಕಣೇ" ಎಂದು ಮೆಲ್ಲಗೆ ಅಂದರು. ನನಗೆ ಉತ್ತರ ಹೊರಡಲಿಲ್ಲ.

ಹೊಳೆಯ ಫೋಟೋ ಅಣ್ಣನಿಗೆ ಕಳಿಸಿದ್ದೆ. ಮುಂದಿನ ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆಗೆದಾಗ ತಾನೂ ಮಕ್ಕಳನ್ನು ಕರೆತರುತ್ತೇನೆ ಅಂದಿದ್ದಾನೆ. ವರ್ಷಕ್ಕೊಮ್ಮೆ ಮಾತ್ರ ದರ್ಶನ, ಹಾಸನದಲ್ಲಿ ಜನವೋ ಜನ. ವಾರದ ನಡುವೆ, ಬೆಳಗಿನ ಜಾವ ಹೋಗಿ ಎನ್ನುತ್ತಾರೆ ಚಿಕ್ಕಮ್ಮ.