ಸೂಜಿಗೊಂದು ನ್ಯಾಯ, ಗುಳಿಗೆಗೊಂದು ನ್ಯಾಯ

ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ ಎಂಬ ನಮ್ಮ ಗಾದೆಯಲ್ಲಿ ಇರುವವರು ಇಬ್ಬರೇ. ಹಾಲಿಗೂ ಅನ್ನಕ್ಕೂ ದುಡ್ಡು ತೆರುವವರು ಯಾರೆಂಬ ಮಾತನ್ನು ಗಾದೆ ಎತ್ತುವುದೇ ಇಲ್ಲ. ಈ ಕಾಲದಲ್ಲಾದರೋ ಆ ಮೂರನೆಯವನೇ ಮನೆಯ ಯಜಮಾನನಾಗಿ ಕುಳಿತಿದ್ದಾನೆ. ಅವನು ಮನುಷ್ಯನೂ ಅಲ್ಲ, ಒಂದು ಶಾಸನ. ಮದ್ದು ಯಾವ ದಾರಿಯಿಂದ ದೇಹವನ್ನು ಸೇರಿದರೆ ಹಣ ಸಿಕ್ಕೀತು, ಯಾವ ದಾರಿಯಿಂದ ಸೇರಿದರೆ ಸಿಕ್ಕದು ಎಂಬುದನ್ನು ಶಾಸನವೊಂದು ಹೇಗೆ ನಿಶ್ಚಯಿಸಬಲ್ಲದು ಎಂಬುದಕ್ಕೆ, ಅಮೆರಿಕದ ವೃದ್ಧರ ಸರಕಾರೀ ವಿಮೆಯಾದ ಮೆಡಿಕೇರಿನಲ್ಲಿ ಕ್ಯಾನ್ಸರ್ ಔಷಧಗಳು ಪಟ್ಟ ಪಾಡಿಗಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ದೂರದೇಶದ ಈ ಗೊಡವೆ ನಮಗೇಕೆ ಎನ್ನುವವರಿದ್ದಾರು. ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದುಬರಲೆಂದು ನ್ಯೂ ಜೆರ್ಸಿಗೆ ಹೋಗಿದ್ದಾಗ ಅಲ್ಲಿಯ ಕನ್ನಡ ಹಿರಿಯರ ಕೂಟಗಳಲ್ಲಿ ನಾನು ಕುಳಿತಿದ್ದೇನೆ. ಧಾರವಾಡದ ಮಳೆ, ಮೈಸೂರಿನ ದಸರೆಗಳ ಮಾತು ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತಿತ್ತು. ಈ ವಿಮೆಯ 'ಬಿ' ಭಾಗ, 'ಡಿ' ಭಾಗಗಳ ಮಾತು ಊಟದ ಹೊತ್ತಿನವರೆಗೂ ನಡೆಯುತ್ತಿತ್ತು. ಮಕ್ಕಳು ಕರೆಸಿಕೊಂಡ ತಂದೆತಾಯಿಗಳು ಖಾಯಂ ನಿವಾಸದ ಅನುಮತಿ ಪಡೆದು, ಅರವತ್ತೈದು ತುಂಬಿ, ಅಲ್ಲಿ ಐದು ವರ್ಷ ಸತತವಾಗಿ ನೆಲಸಿದ ಮೇಲೆ ಕಂತು ಕಟ್ಟಿ ಈ ವಿಮೆಗೆ ಸೇರಬಹುದು. ಹಾಗೆ ಸೇರಿದ ನಮ್ಮವರು ಕಡಮೆಯಲ್ಲ. ಕ್ಯಾನ್ಸರೋ, ಮುಪ್ಪಿನಲ್ಲಿಯೇ ಹೆಚ್ಚಾಗಿ ಬಂದೆರಗುವ ರೋಗ.

1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ನರು ಮಿಸ್ಸೌರಿ ಸೀಮೆಯ ಇಂಡಿಪೆಂಡೆನ್ಸ್ ಎಂಬ ಊರಿಗೆ ಹೋಗಿ, ಮಾಜಿ ಅಧ್ಯಕ್ಷ ಟ್ರೂಮನ್ನರ ಎದುರಿನಲ್ಲಿ ಈ ಶಾಸನಕ್ಕೆ ಸಹಿಮಾಡಿದರು. ಆಸ್ಪತ್ರೆಯ ವೆಚ್ಚಕ್ಕೆ 'ಎ' ಭಾಗ, ವೈದ್ಯರ ಸೇವೆಗೆ 'ಬಿ' ಭಾಗ. ಅಂಗಡಿಯಿಂದ ಕೊಂಡು ಮನೆಯಲ್ಲಿ ನುಂಗುವ ಮದ್ದಿಗೆ ಎರಡರಲ್ಲಿಯೂ ಎಡೆಯಿರಲಿಲ್ಲ. ಆದರೆ ವೈದ್ಯನು ತನ್ನ ಚಿಕಿತ್ಸಾಲಯದಲ್ಲಿ ಕೊಡುವ, ರೋಗಿ ಸಾಮಾನ್ಯವಾಗಿ ತಾನೇ ತೆಗೆದುಕೊಳ್ಳಲಾಗದ ಮದ್ದನ್ನು ವೈದ್ಯನ ಸೇವೆಯ ಒಂದು ಅಂಗವೆಂದೇ ಬಗೆದು 'ಬಿ' ಭಾಗ ಹಣ ಕೊಡತೊಡಗಿತು. ಶೇಕಡ 80 ಸರಕಾರದ್ದು, 20 ರೋಗಿಯದು. ಅಂದಿನ ಮಟ್ಟಿಗೆ ಇದು ಅನುಚಿತವೆಂದು ಹೇಳಲಾರೆ.

ತೊಡಕು ಬೆಳೆದದ್ದು ಗುಳಿಗೆಗಳಿಂದ. ಸ್ತನದ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಗುಳಿಗೆಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 1977ರಲ್ಲಿ. ವರ್ಷಗಟ್ಟಲೆ ಮನೆಯಲ್ಲಿಯೇ ನುಂಗಬೇಕಾದ ಮದ್ದು ಅದು. ಆದುದರಿಂದಲೇ ವಿಮೆಗೆ ಹೊರಗು. 1993ರಲ್ಲಿ ಶಾಸನವನ್ನು ತಿದ್ದಿದರು. ಹೇಗೆಂದರೆ, ಯಾವ ಗುಳಿಗೆಯ ಸಾರವೇ ಸೂಜಿಮದ್ದಿನ ರೂಪದಲ್ಲಿಯೂ ಇದೆಯೋ ಆ ಗುಳಿಗೆಗೆ ಹಣ ಕೊಡಬಹುದು ಎಂದು. ಆಂಧ್ರದಿಂದ ಹೋದ ಯಲ್ಲಪ್ರಗಡ ಸುಬ್ಬರಾಯರ ನೇತೃತ್ವದ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಮೆಥೊಟ್ರೆಕ್ಸೇಟಿಗೆ ಸೂಜಿಯ ರೂಪವೂ ಇತ್ತಾಗಿ ಅದರ ಗುಳಿಗೆ ಒಳಕ್ಕೆ ಬಂದಿತು. ಟ್ಯಾಮಾಕ್ಸಿಫೆನಿಗೆ ಇಲ್ಲದುದರಿಂದ ಅದು ಬಾಗಿಲಾಚೆಯೇ ಉಳಿಯಿತು. ಪಂಕ್ತಿಗೆ ಬಂದವನ ಹಸಿವನ್ನು ಕೇಳದೆ ಗೋತ್ರವನ್ನು ಕೇಳಿದಂತಾಯಿತು ಇದು. 2001ರ ಮೇ ತಿಂಗಳಲ್ಲಿ ರಕ್ತದ ಒಂದು ಬಗೆಯ ಕ್ಯಾನ್ಸರಿಗೆ ಇಮಾಟಿನಿಬ್ ಎಂಬ ಗುಳಿಗೆ ಬಂದಿತು. ಮೃತ್ಯುಪತ್ರವೆಂಬಂತಿದ್ದ ರೋಗವನ್ನು ಅದು ಕೂಡಿ ಬಾಳಬಹುದಾದ ರೋಗವನ್ನಾಗಿ ಮಾಡಿತು. ಆದರೆ ಅದಕ್ಕೆ ಸೂಜಿಯ ಬಂಧುವಿಲ್ಲ! ಗುಳಿಗೆಗಳಿಗೆಂದೇ 'ಡಿ' ಭಾಗ ಹುಟ್ಟಿ ನಡೆಯತೊಡಗಿದ್ದು 2006ರ ಜನವರಿ 1ರಿಂದ. ಅದೂ ನಡುವೆ ದೊಡ್ಡದೊಂದು ಕಂದಕವನ್ನು ಇಟ್ಟುಕೊಂಡೇ ಬಂದಿತು: ವೆಚ್ಚ ಒಂದು ಮಟ್ಟಕ್ಕೆ ಏರಿದೊಡನೆ ವಿಮೆ ಕೈಬಿಡುವುದು, ಇನ್ನಷ್ಟು ಏರಿದ ಮೇಲೆ ಮತ್ತೆ ಕೈಹಿಡಿಯುವುದು.

ಇದುವರೆಗೆ ರೋಗಿಯ ಮಾತಾಯಿತು. ವೈದ್ಯರ ಮಾತು ಇದಕ್ಕಿಂತ ಸೂಕ್ಷ್ಮ. ಸೂಜಿಮದ್ದನ್ನು ಮೊದಲು ತನ್ನ ಹಣದಿಂದ ಕೊಳ್ಳುವವನು ವೈದ್ಯನೇ. ರೋಗಿಗೆ ಕೊಟ್ಟ ಬಳಿಕ ಅವನು ಸರಕಾರದಿಂದ ಅದನ್ನು ಹಿಂದಕ್ಕೆ ಪಡೆಯುತ್ತಾನೆ. 2003ರ ಶಾಸನಕ್ಕೆ ಮುಂಚೆ ಪ್ರಕಟಿತ ಸಗಟು ಬೆಲೆಯ ಶೇಕಡ 95ರಷ್ಟನ್ನು ಕೊಡುತ್ತಿದ್ದರು. ಆ ಪ್ರಕಟಿತ ಬೆಲೆ ಕಾಗದದ ಮೇಲಿನದು. ವೈದ್ಯರು ಕೊಳ್ಳುತ್ತಿದ್ದುದು ಎಷ್ಟೋ ಕಡಮೆಗೆ. ಮಿಕ್ಕದ್ದು ಚಿಕಿತ್ಸಾಲಯದ ಲಾಭ. 2005ರಿಂದ ಇದನ್ನು ಬದಲಿಸಿ, ನಿಜವಾದ ಮಾರಾಟದ ಸರಾಸರಿ ಬೆಲೆ, ಅದರ ಮೇಲೆ ಶೇಕಡ 6 ಎಂದು ಗೊತ್ತುಮಾಡಿದರು. (2013ರಿಂದ ಆಯವ್ಯಯದ ಕಡಿತದಲ್ಲಿ ಅದರಿಂದಲೂ ಒಂದಿಷ್ಟು ಸೋರಿಹೋಗುತ್ತಿದೆ.) ಲೆಕ್ಕ ಸುಲಭ. ನೂರು ಡಾಲರಿನ ಮದ್ದಿಗೆ ಆರು ಡಾಲರು. ಹತ್ತು ಸಾವಿರ ಡಾಲರಿನ ಮದ್ದಿಗೆ ಆರುನೂರು. ಬಾಟಲಿಯನ್ನು ತೂಗುಹಾಕುವ ಶ್ರಮ ಎರಡಕ್ಕೂ ಒಂದೇ.

ವೈದ್ಯರು ಆರುನೂರಕ್ಕೆ ಆಸೆಪಟ್ಟು ಮದ್ದು ಬರೆಯುತ್ತಾರೆಂದು ನಾನು ಹೇಳುತ್ತಿಲ್ಲ. ಸಾಯುವವನ ಪಕ್ಕದಲ್ಲಿ ದಿನವೂ ಕುಳಿತುಕೊಳ್ಳುವ ವೃತ್ತಿಯನ್ನು ಹಗುರವಾಗಿ ಆಡುವುದು ನನಗೆ ಒಗ್ಗದು. ಆದರೆ ಒಂದು ತಕ್ಕಡಿಯ ಒಂದು ತಟ್ಟೆಯಲ್ಲಿ ಆರನ್ನೂ ಇನ್ನೊಂದರಲ್ಲಿ ಆರುನೂರನ್ನೂ ಇಟ್ಟು, ಅದನ್ನು ನೋಡದಿರಿ ಎಂದು ಸತ್ಪುರುಷರಿಗೆ ಹೇಳುವ ಶಾಸನ ಒಳ್ಳೆಯ ಶಾಸನವಲ್ಲ. ಸರಕಾರಕ್ಕೂ ಇದು ಹೊಳೆಯದೆ ಇರಲಿಲ್ಲ. 2016ರ ಮಾರ್ಚಿಯಲ್ಲಿ ಶೇಕಡ 6ನ್ನು ಎರಡೂವರೆಗೆ ಇಳಿಸಿ, ಮದ್ದು ಯಾವುದಾದರೂ ಸರಿ, ದಿನವೊಂದಕ್ಕೆ 16 ಡಾಲರು 80 ಸೆಂಟುಗಳ ಸಮಾನ ಶುಲ್ಕ ಕೂಡಿಸುವ ಪ್ರಯೋಗವೊಂದನ್ನು ಸೂಚಿಸಿದರು. ವೈದ್ಯಸಂಘಗಳೂ ಔಷಧ ಕಂಪನಿಗಳೂ ಎದ್ದುನಿಂತುವು. ಸಣ್ಣ ಚಿಕಿತ್ಸಾಲಯಗಳಿಗೆ ದೊಡ್ಡ ಆಸ್ಪತ್ರೆಗಳಂತೆ ರಿಯಾಯಿತಿ ದೊರೆಯುವುದಿಲ್ಲ, ಈ ಲಾಭವೂ ಹೋದರೆ ಅವು ಮುಚ್ಚುತ್ತವೆ, ಹಳ್ಳಿಯ ರೋಗಿ ಬಹುದೂರ ಅಲೆಯಬೇಕಾದೀತು ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಅದೇ ವರ್ಷದ ಡಿಸೆಂಬರಿನಲ್ಲಿ ಸರಕಾರ ಆ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ನನ್ನ ಮಟ್ಟಿಗೆ ಆ ಹಿಂಜರಿಕೆ ಸರಿಯಲ್ಲ. ಹಳ್ಳಿಯ ಚಿಕಿತ್ಸಾಲಯ ಉಳಿಯಬೇಕಾದರೆ ಅದಕ್ಕೆ ನೇರವಾಗಿ ಹಣ ಕೊಡಲಿ. ಮದ್ದಿನ ಬೆಲೆಯ ನೆರಳಿನಲ್ಲಿ ಕೊಡುವುದೇಕೆ?

ಈಗ ಈ ಕಥೆಗೆ ಒಂದು ವಿಚಿತ್ರ ತಿರುವು ಬಂದಿದೆ. 2022ರ ಶಾಸನದ ಪ್ರಕಾರ 'ಡಿ' ಭಾಗದಲ್ಲಿ ರೋಗಿ ತನ್ನ ಕೈಯಿಂದ ತೆರಬೇಕಾದ ಹಣಕ್ಕೆ ವರ್ಷಕ್ಕೊಂದು ಮಿತಿ ಹಾಕಿದರು: 2025ಕ್ಕೆ 2,000 ಡಾಲರು, 2026ಕ್ಕೆ 2,100. ಕಂದಕವೂ ಮುಚ್ಚಿತು. ಬಹುಕಾಲ ಹೊರಗೆ ನಿಂತಿದ್ದ ಗುಳಿಗೆಗೆ ಮಾಡು ಸಿಕ್ಕಿತು. ಮೊದಲಿನಿಂದ ಒಳಗಿದ್ದ ಸೂಜಿಮದ್ದು ಬಯಲಲ್ಲಿ ನಿಂತಿತು! 'ಬಿ' ಭಾಗದ ಶೇಕಡ 20ಕ್ಕೆ ಇಂದಿಗೂ ಮಿತಿಯೆಂಬುದಿಲ್ಲ. ಒಂದು ಸಲಕ್ಕೆ ಹತ್ತು ಸಾವಿರ ಡಾಲರಿನ ಮದ್ದನ್ನು ಮೂರು ವಾರಕ್ಕೊಮ್ಮೆ ಹಾಕಿಸಿಕೊಳ್ಳುವ ವೃದ್ಧೆಯೊಬ್ಬಳು ಪ್ರತಿ ಸಲವೂ ಎರಡು ಸಾವಿರ ತೆರಬೇಕು. ಪಕ್ಕದ ಕುರ್ಚಿಯಲ್ಲಿ ಕುಳಿತ ಗುಳಿಗೆಯ ರೋಗಿಗೆ ಹೆಚ್ಚುಕಡಮೆ ಅದೇ ಮೊತ್ತ ಇಡೀ ವರ್ಷದ್ದು. ಪೂರಕ ವಿಮೆ ಕೊಂಡವರು ಪಾರಾಗುತ್ತಾರೆ. ಅದನ್ನಾದರೂ 'ಬಿ' ಭಾಗಕ್ಕೆ ಸೇರಿದ ಆರು ತಿಂಗಳೊಳಗೆ ಕೊಳ್ಳಬೇಕು; ಆಮೇಲೆ ಕೇಳಿದರೆ ಬಹುಪಾಲು ಸಂಸ್ಥಾನಗಳಲ್ಲಿ ವಿಮೆಯ ಕಂಪನಿ ರೋಗವನ್ನು ಕಾರಣವಾಗಿ ತೋರಿ ಇಲ್ಲವೆನ್ನಬಹುದು. ತೀರ ಬಡವರಿಗೆ ಮೆಡಿಕೇಡ್ ಎಂಬ ಬೇರೊಂದು ಆಸರೆಯಿದೆ. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಯೋಜನೆಗಳಿಗೆ ಹೋದರೆ ಮಿತಿಯುಂಟು, ಆದರೆ ವೈದ್ಯರನ್ನು ಅವರ ಪಟ್ಟಿಯಿಂದಲೇ ಆರಿಸಿಕೊಳ್ಳಬೇಕಾಗುವುದೇ ಹೆಚ್ಚು. ಅಲ್ಲಿರುವ ನಮ್ಮ ಹಿರಿಯರು ಆ ಆರು ತಿಂಗಳ ಲೆಕ್ಕವನ್ನು ಮರೆಯದಿರಲಿ ಎಂದು ಇಷ್ಟು ವಿಸ್ತಾರವಾಗಿ ಬರೆದೆ.

ಸರಕಾರ ಕಂಪನಿಗಳೊಡನೆ ಚೌಕಾಸಿ ಮಾಡಿ ಗೊತ್ತುಪಡಿಸಿದ ಬೆಲೆಗಳು ಕೆಲವು ಗುಳಿಗೆಗಳಿಗೆ 2026ರಿಂದ ನಡೆಯುತ್ತಿವೆ. 'ಬಿ' ಭಾಗದ ಸೂಜಿಮದ್ದುಗಳ ಸರದಿ 2028ಕ್ಕೆ. ಬೆಲೆ ಇಳಿದರೆ ರೋಗಿಯ ಶೇಕಡ 20 ಇಳಿಯುತ್ತದೆ, ಸಂತೋಷ. ವೈದ್ಯನ ಶೇಕಡ 6 ಸಹ ಅದರೊಡನೆಯೇ ಇಳಿಯುತ್ತದೆ. ರೋಗಿಗೆ ಅಗ್ಗವಾದಷ್ಟೂ ತನ್ನ ಚಿಕಿತ್ಸಾಲಯ ಸೊರಗುವ ಸ್ಥಿತಿಯಲ್ಲಿ ವೈದ್ಯನನ್ನು ನಿಲ್ಲಿಸಿ, ಬೆಲೆ ಇಳಿಸಲು ಅವನ ಬೆಂಬಲವನ್ನು ಯಾರು ತಾನೇ ನಿರೀಕ್ಷಿಸಬೇಕು? ಆ ಗಂಟನ್ನು 2028ಕ್ಕೆ ಮುಂಚೆಯೇ ಬಿಚ್ಚಬೇಕು: ವೈದ್ಯನ ಶ್ರಮಕ್ಕೆ ಶ್ರಮದ ಶುಲ್ಕ, ಮದ್ದಿಗೆ ಮದ್ದಿನ ಬೆಲೆ, ಸೂಜಿಗೂ ಗುಳಿಗೆಗೂ ರೋಗಿಯ ಪಾಲಿಗೆ ವರ್ಷದ ಮಿತಿ ಒಂದೇ.