ಗೋಡೆ ಉಳಿದರೆ ಊರು ಉಳಿದ ಹಾಗಾ?

ಚೀನಾಗೆ ಹೋಗಿ ಬಂದ್ವಿ ಅಂದ ತಕ್ಷಣ ಕ್ಲಾಸಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಗ್ರೇಟ್ ವಾಲ್ ನೋಡಿದ್ರಾ?" ಇಲ್ಲ, ನೋಡಲಿಲ್ಲ. ಎರಡು ವಾರದ ಸಮ್ಮರ್ ಪ್ರೋಗ್ರಾಮ್‌ಗೆ ಅಂತ ಷಿಯಾನ್‌ಗೆ ಹೋಗಿದ್ದ ನಾವು ಮೂವರು, ಕೊನೆಗೆ ಉಳಿದ ಎರಡು ದಿನದಲ್ಲಿ ರೈಲು ಹತ್ತಿ ಪಿಂಗ್ಯಾವ್ ಅನ್ನೋ ಊರಿಗೆ ಹೋದ್ವಿ. ಅಲ್ಲೂ ಒಂದು ಗೋಡೆ ಇದೆ. ಆದರೆ ಆ ಗೋಡೆಯ ಒಳಗೆ ಇನ್ನೂ ಜನ ಇದ್ದಾರೆ. ಈ ಲೇಖನ ಆ ಜನರ ಬಗ್ಗೆ, ಮತ್ತು ಸ್ವಲ್ಪ ನಮ್ಮ ಬಗ್ಗೆ.

ಷಿಯಾನ್‌ನಲ್ಲೂ ಕೋಟೆ ಗೋಡೆ ಇದೆ, ಸುಮಾರು 13.7 ಕಿಲೋಮೀಟರ್ ಸುತ್ತಳತೆ. ಬಾಡಿಗೆ ಸೈಕಲ್ ತಗೊಂಡು ಅದರ ಮೇಲೆ ಒಂದು ಸುತ್ತು ಹೊಡೆದ್ವಿ, ಮಜಾ ಬಂತು. ಆದರೆ ಕೆಳಗೆ ನೋಡಿದರೆ ಗೋಡೆಯ ಎರಡೂ ಕಡೆ ಬರೀ ಹೊಸ ಕಟ್ಟಡಗಳು, ಟ್ರಾಫಿಕ್, ಮಾಲ್. ಪಿಂಗ್ಯಾವ್ ಹಾಗಲ್ಲ. ಅಲ್ಲಿನ ಗೋಡೆ ಸುಮಾರು 6 ಕಿಲೋಮೀಟರ್, 1370ರಲ್ಲಿ ಮಿಂಗ್ ಅರಸರ ಕಾಲದಲ್ಲಿ ದೊಡ್ಡದು ಮಾಡಿ ಕಟ್ಟಿದ್ದು. ದಕ್ಷಿಣಕ್ಕೊಂದು, ಉತ್ತರಕ್ಕೊಂದು, ಪೂರ್ವ ಪಶ್ಚಿಮಕ್ಕೆ ಎರಡೆರಡು, ಒಟ್ಟು ಆರು ಬಾಗಿಲು. ತಲೆ, ಬಾಲ, ನಾಲ್ಕು ಕಾಲು ಅಂತ ಲೆಕ್ಕ ಹಾಕಿ ಅಲ್ಲಿಯವರು ಇದನ್ನ ಆಮೆ ಊರು ಅಂತಾರೆ. 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಒಳಗಿನ ಬೀದಿಗಳು, ಅಂಗಡಿಗಳು, ಅಂಗಳದ ಮನೆಗಳು ಹಳೇ ಕಾಲದ ನಕ್ಷೆಯಲ್ಲೇ ಉಳಿದಿವೆ. ಮನೆಗಳ ಸೂರು ಒಳಮುಖವಾಗಿ ಇಳಿಜಾರು. ಮಳೆ ನೀರು ಅಂಗಳಕ್ಕೇ ಬೀಳಬೇಕು, ನೀರು ಅಂದರೆ ಸಂಪತ್ತು, ಅದು ಹೊರಗೆ ಹೋಗಬಾರದು ಅನ್ನೋ ನಂಬಿಕೆ. ತೊಟ್ಟಿ ಮನೆ ನೋಡಿದ ನಮಗೆ ಇದನ್ನ ಯಾರೂ ವಿವರಿಸಬೇಕಾಗಲಿಲ್ಲ.

ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಅಂತಲೇ ಒಂದು ವಿಷಯ ತಂದಿದ್ದೀವಿ. 1820ರ ದಶಕದಲ್ಲಿ ಇಲ್ಲಿ ರಿಷೆಂಗ್‌ಚಾಂಗ್ ಅನ್ನೋ ಹುಂಡಿ ವ್ಯಾಪಾರದ ಮನೆ ಶುರುವಾಯಿತು. ಬೆಳ್ಳಿ ಹೊತ್ತುಕೊಂಡು ಊರೂರು ತಿರುಗುವ ಬದಲು ಒಂದು ಊರಲ್ಲಿ ಕಟ್ಟಿ, ಚೀಟಿ ತೋರಿಸಿ ಇನ್ನೊಂದು ಊರಲ್ಲಿ ಬಿಡಿಸಿಕೊಳ್ಳೋದು. ಚೀಟಿ ನಕಲಾಗದ ಹಾಗೆ ತಿಂಗಳು, ದಿನ, ಮೊತ್ತ ಎಲ್ಲಕ್ಕೂ ಬೇರೆ ಬೇರೆ ಅಕ್ಷರಗಳ ಸಂಕೇತ. ನೋಡೋರಿಗೆ ಅದೊಂದು ಪದ್ಯದ ಸಾಲು, ಬ್ಯಾಂಕಿನವರಿಗೆ ಮಾತ್ರ ಲೆಕ್ಕ. ಆಗಾಗ ಆ ಸಂಕೇತವನ್ನೂ ಬದಲಾಯಿಸುತ್ತಿದ್ದರಂತೆ. ಕ್ರಿಪ್ಟೋಗ್ರಫಿ ಕ್ಲಾಸಲ್ಲಿ ನಿದ್ದೆ ಮಾಡೋರು ಒಂದು ಸಲ ಅಲ್ಲಿ ಹೋಗಿ ಬರಬೇಕು.

ಸರಿ, ಇಲ್ಲಿವರೆಗೆ ಹೇಳಿದ್ದೆಲ್ಲ ಗೂಗಲ್ ಮಾಡಿದರೂ ಸಿಗುತ್ತೆ. ಸಿಗದೇ ಇರೋದು ನಾವು ಉಳಿದುಕೊಂಡ ಮನೆಯ ಅಜ್ಜಿ.

ಅಜ್ಜಿಯ ಮನೆ ದೊಡ್ಡ ಬೀದಿಯಿಂದ ಒಳಗೆ, ಕೆಂಪು ಲಾಟೀನುಗಳು ಮುಗಿದ ಮೇಲೆ ಬರುವ ಓಣಿಯಲ್ಲಿ. ಮುಂದಿನ ಎರಡು ಕೋಣೆ ನಮ್ಮಂಥವರಿಗೆ ಬಾಡಿಗೆಗೆ. ಅಲ್ಲಿ ಎಸಿ, ಬಾತ್‌ರೂಮ್ ಎಲ್ಲ ಇದೆ. ಅಜ್ಜಿ ಇರೋದು ಹಿಂದಿನ ಕೋಣೆಯಲ್ಲಿ. ಅಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ ಮಂಚ, ಚಳಿಗಾಲದಲ್ಲಿ ಅದರ ಕೆಳಗೆ ಬೆಂಕಿ ಹಾಕಿ ಬೆಚ್ಚಗೆ ಮಾಡ್ಕೋತಾರೆ. ಅವರು ಬಳಸೋ ಟಾಯ್ಲೆಟ್ ಓಣಿಯ ತುದಿಯಲ್ಲಿರುವ ಸಾರ್ವಜನಿಕ ಟಾಯ್ಲೆಟ್. ಫೋನಿನ ಅನುವಾದ ಆಪ್ ಹಿಡಿದು "ಮಗ ಎಲ್ಲಿ?" ಅಂತ ಕೇಳಿದ್ವಿ. ಗೋಡೆಯ ಆಚೆ ಫ್ಲಾಟಲ್ಲಿ ಇದ್ದಾನೆ ಅಂದರು. "ನೀವ್ಯಾಕೆ ಹೋಗಿಲ್ಲ?" ಅಂದದ್ದಕ್ಕೆ ಅಜ್ಜಿ ನಕ್ಕು ಏನೋ ಹೇಳಿದರು. ಆಪ್ ತೋರಿಸಿದ್ದು ಇಷ್ಟು: ಅಲ್ಲಿ ಹೀಟರ್ ಇದೆ, ಇಲ್ಲಿ ಗಿರಾಕಿ ಇದ್ದಾರೆ.

ಆ ರಾತ್ರಿ ನಾವು ಅವತ್ತು ತೆಗೆದ ಫೋಟೋಗಳನ್ನ ನೋಡ್ತಾ ಕೂತ್ವಿ. ಮೂವರದ್ದೂ ಸೇರಿ ಮುನ್ನೂರಕ್ಕೂ ಮೇಲೆ. ಒಂದರಲ್ಲೂ ಆ ಓಣಿ ಇರಲಿಲ್ಲ. ಲಾಟೀನು, ಸೂರು, ಗೋಡೆ, ಗೋಡೆ ಮೇಲೆ ನಾವು.

ನಮ್ಮ ವಾದ ಇಷ್ಟೇ. ಹಳೇ ಊರನ್ನ ಉಳಿಸೋದು ಅಂದರೆ ಗೋಡೆ ಉಳಿಸೋದಷ್ಟೇ ಅಲ್ಲ, ಅದರೊಳಗೆ ಸಾಮಾನ್ಯ ಜನ ನೆಮ್ಮದಿಯಾಗಿ ಬಾಳೋ ಹಾಗೆ ಮಾಡೋದು. ಅದು ಇತಿಹಾಸದವರ ಕೆಲಸ ಮಾತ್ರ ಅಲ್ಲ, ನಮ್ಮ ಕೆಲಸ.

ಪಿಂಗ್ಯಾವ್ ಉಳಿದದ್ದಾದರೂ ಹೇಗೆ? ಮೊದಲ ಕಾರಣ ಬಡತನ. ಆಧುನಿಕ ಬ್ಯಾಂಕುಗಳು ಬಂದ ಮೇಲೆ ಹುಂಡಿ ಮನೆಗಳು ಮುಳುಗಿದವು, ಕೆಡವಿ ಹೊಸದು ಕಟ್ಟೋಕೆ ಊರಲ್ಲಿ ದುಡ್ಡಿರಲಿಲ್ಲ. ದುಡ್ಡಿದ್ದ ರಾಜಧಾನಿ ಬೀಜಿಂಗ್ ಏನು ಮಾಡಿತು? 1950 ಮತ್ತು 60ರ ದಶಕಗಳಲ್ಲಿ ತನ್ನ ಕೋಟೆ ಗೋಡೆಯ ಬಹುಪಾಲನ್ನ ಕೆಡವಿತು. ಗೋಡೆಯ ಮೇಲೆಯೇ ಉದ್ಯಾನ ಮಾಡೋಣ ಅಂತ ಲಿಯಾಂಗ್ ಸಿಚೆಂಗ್ ಅನ್ನೋ ವಾಸ್ತುಶಿಲ್ಪಿ ಬೇಡಿಕೊಂಡರೂ ಕೇಳಲಿಲ್ಲ. ಈಗ ಆ ಜಾಡಿನಲ್ಲಿ ರಿಂಗ್ ರೋಡ್, ಮೆಟ್ರೋ ಓಡ್ತಿವೆ.

ಎರಡನೇ ಕಾರಣ ನಮಗೆ ತುಂಬಾ ಹತ್ತಿರದ್ದು. 1980ರ ಆಸುಪಾಸಿನಲ್ಲಿ ಪಿಂಗ್ಯಾವ್‌ಗೂ ಅಭಿವೃದ್ಧಿ ಯೋಜನೆ ಬಂತು. ಊರ ಮಧ್ಯೆ ಅಗಲ ರಸ್ತೆ ಹಾಕೋಕೆ ಪಶ್ಚಿಮದ ಕಡೆಯಿಂದ ಮನೆ ಕೆಡವೋದೂ ಶುರುವಾಗಿತ್ತು. ಆಗ ಶಾಂಘೈನ ತೋಂಗ್ಜಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರುವಾನ್ ಯಿಸಾನ್ ತಮ್ಮ ವಿದ್ಯಾರ್ಥಿಗಳನ್ನ ಕರ್ಕೊಂಡು ಬಂದು ಸರ್ವೇ ಮಾಡಿದರು. ಬರೀ "ಕೆಡವಬೇಡಿ" ಅಂತ ಮನವಿ ಕೊಟ್ಟು ಕೂರಲಿಲ್ಲ. ಹಳೇ ಊರು ಹಾಗೇ ಇರಲಿ, ಹೊಸ ಊರನ್ನ ಗೋಡೆಯ ಹೊರಗೆ ಕಟ್ಟಿ ಅಂತ ಇನ್ನೊಂದು ನಕ್ಷೆ ಬರೆದುಕೊಟ್ಟರು. ಅದನ್ನ ಒಪ್ಪಿಸೋಕೆ ಬೀಜಿಂಗ್‌ವರೆಗೂ ಹೋದರು. ಕೊನೆಗೆ ಕೆಡವೋ ಕೆಲಸ ನಿಂತಿತು. ಯೋಚನೆ ಮಾಡಿ: ಟೇಪ್ ಹಿಡಿದು ಬಿಸಿಲಲ್ಲಿ ಅಳತೆ ತೆಗೆದ ವಿದ್ಯಾರ್ಥಿಗಳು ಆ ಊರನ್ನ ಉಳಿಸಿದ್ದಾರೆ. ನಾವು ಸರ್ವೇ ಕ್ಯಾಂಪಲ್ಲಿ ರೀಡಿಂಗ್ ಸೀನಿಯರ್ ರೆಕಾರ್ಡಿಂದ ಕಾಪಿ ಹೊಡೀತೀವಿ.

"ಟೂರಿಸಂ ಇಲ್ಲದಿದ್ದರೆ ಆ ಅಜ್ಜಿಗೆ ಅನ್ನ ಎಲ್ಲಿಂದ?" ಅಂತ ನಮ್ಮಲ್ಲೇ ಒಬ್ಬ ವಾದ ಹೂಡಿದ. ಮಾತು ಸುಳ್ಳಲ್ಲ. ಟಿಕೆಟ್ ದುಡ್ಡು, ಬಾಡಿಗೆ, 2001ರಿಂದ ನಡೀತಿರೋ ಫೋಟೋಗ್ರಫಿ ಉತ್ಸವ, ಎಲ್ಲ ಊರಿಗೆ ಜೀವ ಕೊಟ್ಟಿವೆ. ಆದರೆ ಗೋಡೆಯ ಒಳಗಿದ್ದ ಸರ್ಕಾರಿ ಕಚೇರಿಗಳು ಹೊರಗೆ ಹೋದವು, ಎಷ್ಟೋ ಕುಟುಂಬಗಳೂ ಹೋದವು. ದೊಡ್ಡ ಬೀದಿಯಲ್ಲಿ ತರಕಾರಿ ಅಂಗಡಿಗಿಂತ ಮ್ಯಾಗ್ನೆಟ್ ಮಾರೋ ಅಂಗಡಿಗಳೇ ಜಾಸ್ತಿ ಕಂಡವು. ಅದೇ ಪ್ರಾಂತ್ಯದ ದಾತೋಂಗ್‌ನಲ್ಲಂತೂ 2008ರ ನಂತರ ಉಳಿದಿದ್ದ ಮಣ್ಣಿನ ಗೋಡೆಗೆ ಹೊಸ ಇಟ್ಟಿಗೆ ಹೊದಿಸಿ, ಒಳಗಿನ ಸಾವಿರಾರು ಮನೆ ಕೆಡವಿ "ಹಳೇ ಊರು" ಕಟ್ಟಿದರು. ಫೋಟೋಗೆ ಚೆನ್ನಾಗಿದೆ. ಆದರೆ ಅದು ಊರಲ್ಲ, ಸೆಟ್.

ಗೋಡೆಗೂ ಬರೀ ಅಭಿಮಾನ ಸಾಕಾಗಲ್ಲ. ಪಿಂಗ್ಯಾವ್ ಗೋಡೆಯ ಹೊರಮೈಗೆ ಇಟ್ಟಿಗೆ ಇದೆ, ಒಳಗೆ ದಮ್ಮಸ್ಸು ಮಾಡಿದ ಮಣ್ಣು. 2021ರ ಅಕ್ಟೋಬರ್‌ನಲ್ಲಿ ದಿನಗಟ್ಟಲೆ ಮಳೆ ಸುರಿದು ಸುಮಾರು 25 ಮೀಟರ್ ಉದ್ದದ ಭಾಗ ಕುಸಿಯಿತು. ಆರು ಶತಮಾನ ನಿಂತಿದ್ದ ಗೋಡೆಗೆ ಶತ್ರು ಸೈನ್ಯ ಬೇಕಾಗಲಿಲ್ಲ, ಮಣ್ಣಿಗೆ ನೀರು ಇಳಿದರೆ ಸಾಕಾಯಿತು. ಸಾಯಿಲ್ ಮೆಕ್ಯಾನಿಕ್ಸ್‌ನಲ್ಲಿ ಎರಡು ಮಾರ್ಕಿಗೆ ಓದುವ ವಿಷಯ ಅದು.

ಹಾಗಾಗಿ ನಾವು ಹೇಳೋದು: ಇಂಥ ಊರಿಗೆ ಹೋದರೆ ಖಂಡಿತ ಫೋಟೋ ತೆಗೀರಿ, ಗೋಡೆ ಹತ್ತಿ. ಜೊತೆಗೆ ಮೂರು ಪ್ರಶ್ನೆ ಇಟ್ಕೊಂಡು ಹೋಗಿ. ಮಳೆ ನೀರು ಎಲ್ಲಿಗೆ ಹೋಗುತ್ತೆ? ಇಲ್ಲಿಯವರು ಚಳಿಗೆ, ಸ್ನಾನಕ್ಕೆ, ಟಾಯ್ಲೆಟ್‌ಗೆ ಏನು ಮಾಡ್ತಾರೆ? ಇದನ್ನ ಕೆಡವಬೇಕು ಅಂದಾಗ ಬೇರೆ ನಕ್ಷೆ ಬರೆದವರು ಯಾರು? ಹಳೇ ಗೋಡೆ ಒಡೆಯದೆ ಪೈಪ್ ಎಳೆಯೋದು, ಸೂರು ಹಾಳು ಮಾಡದೆ ಮನೆ ಬೆಚ್ಚಗಿಡೋದು, ಕಿರಿದಾದ ಓಣಿಯಲ್ಲಿ ಒಳಚರಂಡಿ ಹಾಕೋದು, ಇವು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೂರೂ ಬ್ರಾಂಚಿನವರು ಕೂತು ಬಿಡಿಸಬೇಕಾದ ಲೆಕ್ಕ. ಪಿಂಗ್ಯಾವ್‌ನಲ್ಲಿ ಇತ್ತೀಚೆಗೆ ಖಾಸಗಿ ಹಳೇ ಮನೆಗಳ ರಿಪೇರಿಗೆ ಸಹಾಯಧನ ಕೊಡ್ತಾರೆ. ಒಳ್ಳೇದು. ಆದರೆ ದುಡ್ಡು ಇದ್ದರೆ ಸಾಲದು, ಮಾಡೋದು ಗೊತ್ತಿರೋರೂ ಬೇಕು.

ಹೊರಡೋ ದಿನ ಬೆಳಗ್ಗೆ ಕೊನೆಯದಾಗಿ ಒಂದು ಫೋಟೋ ತೆಗೆದ್ವಿ. ಅಜ್ಜಿ ಅಂಗಳದಲ್ಲಿ ಕೂತು ಬೀನ್ಸ್ ಸೋಸ್ತಿದ್ದಾರೆ, ಹಿಂದೆ ಸೂರಿನಿಂದ ಇಳಿದ ಒಂದು ಮುರುಕಲು ಪೈಪು. ಲೈಕ್ ಬರೋ ಫೋಟೋ ಅಲ್ಲ. ಆದರೆ ಪಿಂಗ್ಯಾವ್ ಹೇಗಿದೆ ಅಂತ ಯಾರಾದರೂ ಕೇಳಿದರೆ ನಾವು ಮೊದಲು ತೋರಿಸೋದು ಅದನ್ನೇ.